ಮೈಮೇಲಿನ ಚಕ್ಕೆ, ಹೊಟ್ಟೆಯೊಳಗಿನ ಹುಣ್ಣು

ಬೇರಿಕೆ, ಬಾಗಲೂರು ಕಡೆಯವರು ಹೊಸೂರಿಗೆ ಬಂದು, ಅತ್ತಿಬೆಲೆ ದಾಟಿ ಬೆಂಗಳೂರಿನತ್ತ ಹೊರಟರೆ ದಾರಿಯಲ್ಲಿ ಬೊಮ್ಮಸಂದ್ರ ಸಿಗುತ್ತದೆ. ತಮಿಳುನಾಡಿನ ಗಡಿ ದಾಟಿ ಬರುವ ಎಷ್ಟೋ ಹುಡುಗ ಹುಡುಗಿಯರು ಅಲ್ಲಿನ ಕಾರ್ಖಾನೆಗಳಲ್ಲಿ ಪಾಳಿ ಕೆಲಸ ಮಾಡುತ್ತಾರೆ. ಪಪ್ಪಾಯಿಯ ಹಾಲಿನಿಂದ ಪಪೈನ್ ತೆಗೆಯುವ ಪುಟ್ಟ ಉದ್ಯಮವಾಗಿ 1978ರಲ್ಲಿ ಕಿರಣ್ ಮಜುಂದಾರ್ ಶಾ ಆರಂಭಿಸಿದ ಬಯೋಕಾನ್ ಕಂಪನಿಯ ದೊಡ್ಡ ಘಟಕವೊಂದು ಇರುವುದೂ ಅಲ್ಲೇ. 2013ರಲ್ಲಿ ಈ ಕಂಪನಿ ಸೋರಿಯಾಸಿಸ್ ಎಂಬ ಚರ್ಮದ ಕಾಯಿಲೆಗೆ ಹೊಸದೊಂದು ಔಷಧವನ್ನು ಮಾರುಕಟ್ಟೆಗೆ ತಂದಿತು. ಹೆಸರು ಇಟೊಲಿಜುಮ್ಯಾಬ್, ಮಾರಾಟದ ಹೆಸರು ಅಲ್ಜುಮ್ಯಾಬ್. ಅದರ ಮೂಲ ಸಂಶೋಧನೆ ಕ್ಯೂಬಾ ದೇಶದ ಹವಾನಾದ್ದು. ಮುಂದೆ 2020ರ ಕೋವಿಡ್ ದಿನಗಳಲ್ಲಿ ತುರ್ತು ಬಳಕೆಗೆ ಅನುಮತಿ ಸಿಕ್ಕಾಗ ಈ ಹೆಸರು ಪತ್ರಿಕೆಗಳಲ್ಲಿ ಓಡಾಡಿತ್ತು. ಆಮೇಲೆ ಅದನ್ನೇ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡಕರುಳಿನ ಹುಣ್ಣಿನ ರೋಗ ಇರುವವರಿಗೆ ಕೊಟ್ಟು ನೋಡುವ ಪ್ರಯೋಗವೂ ನಮ್ಮ ದೇಶದಲ್ಲೇ ನಡೆಯಿತು.

ಚರ್ಮದ ಔಷಧವನ್ನು ಕರುಳಿಗೆ ಕೊಡುವ ಯೋಚನೆಯಾದರೂ ಯಾಕೆ ಬಂತು? ಕೈಯಲ್ಲಿರುವ ಸರಕನ್ನು ಹೇಗಾದರೂ ಖರ್ಚು ಮಾಡುವ ಹಂಚಿಕೆ ಎಂದು ಅನುಮಾನಪಡುವವರು ಇರಬಹುದು. ಔಷಧ ಕಂಪನಿಗಳ ವಿಷಯದಲ್ಲಿ ಆ ಅನುಮಾನ ಯಾವಾಗಲೂ ತಪ್ಪಲ್ಲ. ಆದರೆ ಇಲ್ಲಿ ಕಾರಣ ಬೇರೆಯೇ ಇದೆ. ಮೊಣಕೈಯ ಮೇಲೆ ಏಳುವ ಬಿಳಿ ಚಕ್ಕೆಗೂ ಕರುಳಿನೊಳಗೆ ಸೋರುವ ರಕ್ತಕ್ಕೂ ಹಿಂದೆ ನಿಂತು ಕೆಲಸ ಮಾಡುವ ಬಿಳಿರಕ್ತಕಣಗಳು ಬಹುಮಟ್ಟಿಗೆ ಒಂದೇ ಬಳಗದವು. ಇಬ್ಬರು ಬೇರೆ ಬೇರೆ ಡಾಕ್ಟರು ನೋಡುವ ಎರಡು ಕಾಯಿಲೆಗಳು ದೇಹದೊಳಗೆ ನೆಂಟರು.

ಶೂಲಗಿರಿ ತಾಲ್ಲೂಕಿನ ಬೇರಿಕೆಯಂಥ ಊರಲ್ಲಿ ಈ ನೆಂಟಸ್ತಿಕೆ ಕಣ್ಣಿಗೆ ಬೀಳುವುದು ಕಷ್ಟ. ಕನ್ನಡ, ತೆಲುಗು, ತಮಿಳು ಮೂರೂ ಓಡಾಡುವ ಊರು. ಆಸ್ಪತ್ರೆಗಳೂ ಹಾಗೇ ಮೂರು ದಿಕ್ಕಿಗೆ. ಸಣ್ಣಪುಟ್ಟದ್ದಕ್ಕೆ ಹೊಸೂರು, ಸರ್ಕಾರಿ ದೊಡ್ಡಾಸ್ಪತ್ರೆ ಬೇಕೆಂದರೆ 2022ರಲ್ಲಿ ಮೆಡಿಕಲ್ ಕಾಲೇಜು ಆದ ಕೃಷ್ಣಗಿರಿ, ತಜ್ಞರು ಬೇಕೆಂದರೆ ಬೆಂಗಳೂರು, ಯಾರಿಗೂ ತಿಳಿಯಲಿಲ್ಲವೆಂದರೆ ಹೆದ್ದಾರಿ ಹಿಡಿದು ವೆಲ್ಲೂರು. ಚರ್ಮದ ಚೀಟಿ ಒಂದು ಊರಿನದು, ಹೊಟ್ಟೆಯ ಚೀಟಿ ಇನ್ನೊಂದು ಊರಿನದು. ಎರಡನ್ನೂ ಒಟ್ಟಿಗೆ ಮೇಜಿನ ಮೇಲೆ ಹರಡಿ ನೋಡುವವರು ಯಾರೂ ಇರುವುದಿಲ್ಲ.

ಅದಕ್ಕೂ ಮೊದಲು ಎರಡೂ ಕಾಯಿಲೆಗಳು ಬೇರೆ ಹೆಸರುಗಳಲ್ಲಿ ಅಲೆದಿರುತ್ತವೆ. ಸೋರಿಯಾಸಿಸ್ ತಲೆಯಲ್ಲಿ ಕಂಡರೆ ತಲೆಹೊಟ್ಟು, ತೊಡೆಸಂದಿಯಲ್ಲಿ ಕಂಡರೆ ಹುಳುಕಡ್ಡಿ, ಮೈತುಂಬ ಹರಡಿದರೆ ಕುಷ್ಠವೇ ಇರಬೇಕೆಂಬ ಪಿಸುಮಾತು. ಇದು ಅಂಟುವ ರೋಗವಲ್ಲ. ಚರ್ಮದ ಮೇಲ್ಪದರದ ಜೀವಕೋಶ ಹುಟ್ಟಿ, ಮೇಲಕ್ಕೆ ಸಾಗಿ, ಉದುರಲು ಸಾಮಾನ್ಯವಾಗಿ ನಾಲ್ಕು ವಾರ ಬೇಕು. ಸೋರಿಯಾಸಿಸ್ ಇರುವ ಜಾಗದಲ್ಲಿ ಆ ಪ್ರಯಾಣ ಒಂದು ವಾರದೊಳಗೆ ಮುಗಿದುಹೋಗುತ್ತದೆ. ಬಲಿಯದ ಕೋಶಗಳು ಒಂದರ ಮೇಲೊಂದು ಕೂತು ಬೆಳ್ಳಿಬಣ್ಣದ ಚಕ್ಕೆಗಳಾಗುತ್ತವೆ. ಭಾರತದ ಅಧ್ಯಯನಗಳಲ್ಲಿ ದೊಡ್ಡವರ ಪೈಕಿ ನೂರಕ್ಕೆ 0.44ರಿಂದ 2.8 ಜನರಲ್ಲಿ ಇದು ಕಂಡುಬಂದಿದೆ. ಅಂಗಡಿಯಲ್ಲಿ ಕೇಳಿ ತಂದ ಮುಲಾಮು ಹಚ್ಚಿದರೆ ಮೊದಲ ವಾರ ಮಾಯವಾದಂತೆ ಕಾಣುತ್ತದೆ, ಏಕೆಂದರೆ ಅಂಥ ಎಷ್ಟೋ ಮುಲಾಮುಗಳಲ್ಲಿ ಗಟ್ಟಿ ಸ್ಟೀರಾಯ್ಡ್ ಸೇರಿರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಮುಲಾಮುಗಳನ್ನು ಡಾಕ್ಟರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಬಿಗಿ ಮಾಡಿದರೂ, ನಮ್ಮ ಕಡೆಯ ಅಂಗಡಿಗಳಲ್ಲಿ ಚೀಟಿ ಕೇಳುವವರು ಕಡಿಮೆ.

ಕರುಳಿನ ಕಥೆಯೂ ಹೀಗೇ. ದೊಡ್ಡಕರುಳಿನ ಒಳಪದರದಲ್ಲಷ್ಟೇ ಹುಣ್ಣಾದರೆ ಅಲ್ಸರೇಟಿವ್ ಕೊಲೈಟಿಸ್. ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ, ಗೋಡೆಯ ಆಳದವರೆಗೂ ಉರಿಯೂತ ಇಳಿದರೆ ಕ್ರೋನ್ಸ್ ಕಾಯಿಲೆ. ಮಲದಲ್ಲಿ ರಕ್ತ ಕಂಡ ಕೂಡಲೇ ಮೂಲವ್ಯಾಧಿ ಎಂದು ತೀರ್ಮಾನ. ಭೇದಿ ನಿಲ್ಲದಿದ್ದರೆ ಆಮಶಂಕೆ ಎಂದು ಮಾತ್ರೆ. ನಾಚಿಕೆಯೂ ಸೇರಿಕೊಳ್ಳುತ್ತದೆ. ಪಂಜಾಬಿನ ಲೂಧಿಯಾನದ ವೈದ್ಯರು ಮನೆಮನೆ ಸುತ್ತಿ 2003ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಲಕ್ಷಕ್ಕೆ 44 ಜನರಿಗೆ ಅಲ್ಸರೇಟಿವ್ ಕೊಲೈಟಿಸ್ ಇತ್ತು. ಇದು ಬಿಳಿಯರ ದೇಶದ ಕಾಯಿಲೆ ಎಂಬ ನಂಬಿಕೆಗೆ ಅಲ್ಲಿಗೆ ಪೆಟ್ಟು ಬಿತ್ತು.

ಇವೆರಡೂ ಒಬ್ಬರಲ್ಲೇ ಕಾಣಿಸಿಕೊಳ್ಳುವುದು ಆಕಸ್ಮಿಕಕ್ಕಿಂತ ಹೆಚ್ಚು ಎಂಬುದು ಹಳೆಯ ಗಮನಿಕೆ. 1990ರಲ್ಲಿ ಬ್ರಿಟನ್ನಿನ ವೈದ್ಯರು ಎಣಿಸಿದಾಗ ಕ್ರೋನ್ಸ್ ರೋಗಿಗಳಲ್ಲಿ ನೂರಕ್ಕೆ 9.6 ಮಂದಿಗೆ ಸೋರಿಯಾಸಿಸ್ ಇತ್ತು. ಕ್ರೋನ್ಸ್ ಇಲ್ಲದವರಲ್ಲಿ 2.2 ಮಂದಿಗೆ ಮಾತ್ರ. ಆಮೇಲೆ ಬಂದ ದೊಡ್ಡ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗಲೂ ಸೋರಿಯಾಸಿಸ್ ಇರುವವರಿಗೆ ಕ್ರೋನ್ಸ್ ಬರುವ ಸಂಭವ ಸುಮಾರು ಎರಡೂವರೆ ಪಟ್ಟು ಎಂದೇ ತಿಳಿದುಬಂತು. ಹೆದರುವ ಅಗತ್ಯವಿಲ್ಲ. ಮೂಲ ಸಂಖ್ಯೆಯೇ ಚಿಕ್ಕದಾದ್ದರಿಂದ ಸೋರಿಯಾಸಿಸ್ ಇರುವ ಬಹುಪಾಲು ಜನರಿಗೆ ಕರುಳಿನ ರೋಗ ಬರುವುದೇ ಇಲ್ಲ. ಆದರೆ ಬಂದಾಗ ಯಾರೂ ಕೇಳದೇ ಹೋಗುವುದು ಸರಿಯಲ್ಲ.

ಮೈಮೇಲೆ ಗಂದೆ ಎದ್ದರೆ ಅಜ್ಜಿಯರು ಹೊಟ್ಟೆಯನ್ನೇ ದೂರುತ್ತಾರೆ. ಬದನೆಕಾಯಿ ನಂಜು, ಒಣಮೀನು ನಂಜು ಎಂದು ತಟ್ಟೆಯಿಂದ ತೆಗೆಸುತ್ತಾರೆ. ಹೊಟ್ಟೆಗೂ ಚರ್ಮಕ್ಕೂ ಸಂಬಂಧವಿದೆ ಎಂಬ ಅವರ ಗುಮಾನಿ ಸರಿ. ಬದನೆಕಾಯಿಯ ಮೇಲೆ ಹೊರಿಸಿದ ಆರೋಪಕ್ಕೆ ಮಾತ್ರ ಸಾಕ್ಷಿ ಇಲ್ಲ. ಸೋರಿಯಾಸಿಸ್ ಇರುವ ದಪ್ಪ ಮೈಯವರು ತೂಕ ಇಳಿಸಿದರೆ ಚಕ್ಕೆ ಕಡಿಮೆಯಾಗುತ್ತದೆ ಎಂಬುದಕ್ಕೆ ಸಾಕ್ಷಿ ಇದೆ. ಬೀಡಿ ಸಿಗರೇಟು ಬಿಟ್ಟರೆ ಕ್ರೋನ್ಸ್‌ನವರಿಗೆ ಅನುಕೂಲ ಎಂಬುದಕ್ಕೂ ಇದೆ. ಪಥ್ಯದ ಪಟ್ಟಿ ಮಾಡುವಾಗ ಬದನೆಕಾಯಿಗೆ ಸಿಗುವ ಗಮನ ಬೀಡಿಗೆ ಸಿಗುವುದಿಲ್ಲ, ಅಷ್ಟೇ ನನ್ನ ತಕರಾರು.

ಚರ್ಮ ಮತ್ತು ಕರುಳು ಎರಡೂ ದೇಹದ ಗಡಿಗಳು. ಚರ್ಮ ಒಂದೂವರೆಯಿಂದ ಎರಡು ಚದರ ಮೀಟರ್. ಕರುಳಿನ ಒಳಮೈ ಟೆನಿಸ್ ಅಂಗಳದಷ್ಟು ಎಂದು ಪಠ್ಯಪುಸ್ತಕಗಳು ಬಹುಕಾಲ ಹೇಳಿಕೊಂಡು ಬಂದವು. 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಮತ್ತೆ ಅಳೆದು ಸುಮಾರು 32 ಚದರ ಮೀಟರ್ ಎಂದು ತಿದ್ದಿದರು. ಆದರೂ ಅದು ದೊಡ್ಡದೇ, ಮೇಲಾಗಿ ಒಂದೇ ಸಾಲು ಜೀವಕೋಶಗಳ ಗೋಡೆ. ಎರಡು ಗಡಿಗಳಲ್ಲೂ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ಬಾಳುತ್ತಿವೆ. ಅಲ್ಲಿ ಕಾವಲಿರುವ ಬಿಳಿರಕ್ತಕಣಗಳ ಕೆಲಸ ಅತ್ತಿಬೆಲೆ ಚೆಕ್‌ಪೋಸ್ಟಿನವರ ಕೆಲಸದಂಥದ್ದು: ಟೊಮೆಟೊ ಲಾರಿಯನ್ನು ತಡೆದು ನಿಲ್ಲಿಸಿದರೆ ಸರಕು ಕೊಳೆಯುತ್ತದೆ, ಎಲ್ಲವನ್ನೂ ಬಿಟ್ಟರೆ ಕಳ್ಳಮಾಲು ನುಗ್ಗುತ್ತದೆ. ಯಾವುದನ್ನು ಸಹಿಸಬೇಕು, ಯಾವುದರ ಮೇಲೆ ಬೀಳಬೇಕು ಎಂಬ ಆ ತೀರ್ಮಾನ ಕೆಟ್ಟು, ಅಪಾಯವಿಲ್ಲದಾಗಲೂ ದಾಳಿ ನಿಲ್ಲದೇ ಹೋದಾಗ ಹುಟ್ಟುವುದೇ ದೀರ್ಘಕಾಲದ ಉರಿಯೂತ.

ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಹೋಲಿಕೆ ನೇರವಾಗಿ ಕಾಣುತ್ತದೆ. ಸೋರಿಯಾಸಿಸ್ ಚಕ್ಕೆಯೊಳಗೆ ನ್ಯೂಟ್ರೊಫಿಲ್ ಎಂಬ ಬಿಳಿಕಣಗಳು ಗುಂಪುಗೂಡಿ ಕಣ್ಣಿಗೆ ಕಾಣದಷ್ಟು ಚಿಕ್ಕ ಕೀವುಗುಳಿಗಳನ್ನು ಮಾಡಿಕೊಂಡಿರುತ್ತವೆ. ಕೊಲೈಟಿಸ್ ಇರುವವರ ಕರುಳಿನ ಚೂರಿನಲ್ಲಿಯೂ ಅದೇ ಕಣಗಳು ಅಲ್ಲಿನ ಗ್ರಂಥಿಗಳ ಬುಡದಲ್ಲಿ ಅಂಥದೇ ಗುಳಿಗಳನ್ನು ತುಂಬಿರುತ್ತವೆ. ಕರುಳಿನ ಉರಿಯೂತ ಪತ್ತೆ ಮಾಡಲು ಈಗ ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನನ್ನು ಅಳೆಯುತ್ತಾರೆ. ಅದು ನ್ಯೂಟ್ರೊಫಿಲ್‌ಗಳಿಂದ ಬರುವ ವಸ್ತು. ಸೋರಿಯಾಸಿಸ್ ಇರುವ ಚರ್ಮದ ಜೀವಕೋಶಗಳಲ್ಲಿಯೂ ಇದೇ ಪ್ರೋಟೀನು ಯಥೇಚ್ಛವಾಗಿ ತುಂಬಿಕೊಂಡಿರುತ್ತದೆ.

ಈ ಕಣಗಳನ್ನು ಕರೆಯುವವರು ಯಾರು ಎಂಬ ಹುಡುಕಾಟದಲ್ಲಿ ಒಂದು ಸ್ವಾರಸ್ಯ ಇದೆ. 1990ರ ದಶಕದಲ್ಲಿ ಎಲ್ಲರ ಬೆರಳು ಇಂಟರ್‌ಲ್ಯೂಕಿನ್ 12 ಎಂಬ ಸಂಕೇತ ಪ್ರೋಟೀನಿನ ಕಡೆಗಿತ್ತು. ಅದು ಎರಡು ತುಂಡುಗಳು ಸೇರಿ ಆದದ್ದು. ಒಂದರ ಹೆಸರು ಪಿ40. ಈ ಪಿ40 ತುಂಡನ್ನು ಹಿಡಿದು ನಿಲ್ಲಿಸುವ ಪ್ರತಿಕಾಯ ಔಷಧವನ್ನು ಕಟ್ಟಿದರು, ಅದೇ ಉಸ್ಟೆಕಿನುಮ್ಯಾಬ್. ಅಷ್ಟರಲ್ಲಿ 2000ನೇ ಇಸವಿಯಲ್ಲಿ ಕ್ಯಾಲಿಫೋರ್ನಿಯದ ಒಂದು ಪ್ರಯೋಗಾಲಯ ಇನ್ನೊಂದು ಪ್ರೋಟೀನನ್ನು ಕಂಡುಹಿಡಿಯಿತು. ಅದರಲ್ಲಿಯೂ ಅದೇ ಪಿ40 ಇತ್ತು, ಜೊತೆಗಾರ ತುಂಡು ಮಾತ್ರ ಪಿ19 ಎಂಬ ಬೇರೆಯದು. ಅದಕ್ಕೆ ಇಂಟರ್‌ಲ್ಯೂಕಿನ್ 23 ಎಂದು ಹೆಸರಿಟ್ಟರು. ಮುಂದಿನ ಕೆಲವೇ ವರ್ಷಗಳಲ್ಲಿ ಇಲಿಗಳ ಪ್ರಯೋಗಗಳಿಂದ ನಿಜವಾದ ತಂಟೆಕೋರ 12 ಅಲ್ಲ, 23 ಎಂಬುದು ಬಯಲಾಯಿತು. ಗುರಿ ಇಟ್ಟದ್ದು ಒಬ್ಬನಿಗೆ, ಬಾಣ ತಾಗಿದ್ದು ಸರಿಯಾದವನಿಗೆ. ಉಸ್ಟೆಕಿನುಮ್ಯಾಬ್ ಅಮೆರಿಕದಲ್ಲಿ 2009ರಲ್ಲಿ ಸೋರಿಯಾಸಿಸ್‌ಗೆ, 2016ರಲ್ಲಿ ಕ್ರೋನ್ಸ್‌ಗೆ, 2019ರಲ್ಲಿ ಅಲ್ಸರೇಟಿವ್ ಕೊಲೈಟಿಸ್‌ಗೆ ಅನುಮತಿ ಪಡೆಯಿತು.

ಇಂಟರ್‌ಲ್ಯೂಕಿನ್ 23 ಮಾಡುವ ಕೆಲಸ ಇಷ್ಟು. ಗಡಿಯಲ್ಲಿರುವ ಒಂದು ಬಗೆಯ ಕಾವಲು ಕಣಗಳು ಸೂಕ್ಷ್ಮಾಣುವಿನ ಸುಳಿವು ಸಿಕ್ಕಿದಾಗ ಇದನ್ನು ಹೊರಬಿಡುತ್ತವೆ. ಅದರ ಪ್ರಭಾವಕ್ಕೆ ಸಿಕ್ಕ, ಟಿ ಕಣ ಎಂಬ ಬಗೆಯ ಬಿಳಿರಕ್ತಕಣಗಳು ಟಿಎಚ್17 ಎಂಬ ರೂಪದಲ್ಲಿ ಗಟ್ಟಿಯಾಗಿ ನೆಲೆಯೂರಿ ಇಂಟರ್‌ಲ್ಯೂಕಿನ್ 17, 22 ಮುಂತಾದವನ್ನು ಸುರಿಸುತ್ತವೆ. 17 ನ್ಯೂಟ್ರೊಫಿಲ್‌ಗಳನ್ನು ಕರೆಯುತ್ತದೆ, 22 ಚರ್ಮದ ಕೋಶಗಳನ್ನು ಬೇಗಬೇಗ ಹುಟ್ಟಿಸುತ್ತದೆ. ಜೊತೆಗೆ ಟಿಎನ್‌ಎಫ್ ಎಂಬ ಇನ್ನೊಂದು ಸಂಕೇತ ಸೇರಿ ಉರಿಯೂತವನ್ನು ಆರಲು ಬಿಡುವುದಿಲ್ಲ. ವಂಶವಾಹಿಗಳ ಸಾಕ್ಷಿಯೂ ಇದನ್ನೇ ಹೇಳುತ್ತದೆ. ಇಂಟರ್‌ಲ್ಯೂಕಿನ್ 23ನ್ನು ಬರಮಾಡಿಕೊಳ್ಳುವ ಗ್ರಾಹಿಯ ಜೀನಿನಲ್ಲಿ ಒಂದು ಅಪರೂಪದ ಬದಲಾವಣೆ ಇದ್ದವರಿಗೆ ಕ್ರೋನ್ಸ್ ಬರುವುದು ಕಡಿಮೆ ಎಂದು 2006ರಲ್ಲಿ ಗೊತ್ತಾಯಿತು. ಮರುವರ್ಷವೇ ಅದೇ ಬದಲಾವಣೆ ಸೋರಿಯಾಸಿಸ್‌ನಿಂದಲೂ ಕಾಪಾಡುತ್ತದೆ ಎಂದು ತಿಳಿಯಿತು. ಇಡೀ ಜೀನ್ ಪಟ್ಟಿ ಒಂದೇ ಎಂದೇನೂ ಅಲ್ಲ. ಯುರೋಪಿನವರಲ್ಲಿ ಕ್ರೋನ್ಸ್ ಜೊತೆ ಗಂಟುಬಿದ್ದಿರುವ ನಾಡ್2 ಎಂಬ ಜೀನಿನ ಪ್ರಸಿದ್ಧ ಬದಲಾವಣೆಗಳನ್ನು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ನಮ್ಮ ರೋಗಿಗಳಲ್ಲಿ ಹುಡುಕಿದಾಗ ಅವು ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪವಾಗಿದ್ದವು. 2008ರಲ್ಲಿ ಅದನ್ನು ಪ್ರಕಟಿಸಿದರು. ಅಲ್ಲಿನ ಪುಸ್ತಕವನ್ನು ಇಲ್ಲಿ ಹಾಗೇ ಓದುವಂತಿಲ್ಲ.

ಹಾಗಾದರೆ ಇಂಟರ್‌ಲ್ಯೂಕಿನ್ 17ನ್ನೇ ನಿಲ್ಲಿಸಿಬಿಟ್ಟರೆ ಎರಡೂ ಕಾಯಿಲೆ ವಾಸಿಯಾಗಬೇಕಲ್ಲವೇ? ತರ್ಕ ಸರಿಯಾಗಿಯೇ ಇತ್ತು. ಸೆಕುಕಿನುಮ್ಯಾಬ್ ಎಂಬ ಔಷಧ ಅದನ್ನೇ ಮಾಡುತ್ತದೆ. ಸೋರಿಯಾಸಿಸ್‌ನಲ್ಲಿ ಅದರ ಫಲಿತಾಂಶ ಬೆರಗು ಹುಟ್ಟಿಸುವಂಥದ್ದು. ವರ್ಷಗಟ್ಟಲೆ ತುಂಬುತೋಳಿನ ಅಂಗಿ ಬಿಡದಿದ್ದವರು ಮೂರು ತಿಂಗಳಲ್ಲಿ ತೋಳು ಮಡಚಿದ್ದಾರೆ. ಅದನ್ನೇ ಕ್ರೋನ್ಸ್ ರೋಗಿಗಳಿಗೆ ಕೊಟ್ಟ ಪ್ರಯೋಗದ ವರದಿ 2012ರಲ್ಲಿ ಬಂತು. ಗುಣವಾಗುವುದಿರಲಿ, ಔಷಧ ಪಡೆದವರ ಸ್ಥಿತಿ ಹುಸಿ ಔಷಧ ಪಡೆದವರಿಗಿಂತ ಕೆಟ್ಟದಾಗಿತ್ತು. ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. 17ರ ಗ್ರಾಹಿಯನ್ನು ತಡೆಯುವ ಬ್ರೊಡಾಲುಮ್ಯಾಬ್ ಎಂಬ ಇನ್ನೊಂದು ಔಷಧಕ್ಕೂ ಅದೇ ಗತಿಯಾಯಿತು.

ನನಗೆ ಈ ಸೋಲು ಎಲ್ಲ ಗೆಲುವುಗಳಿಗಿಂತ ಹೆಚ್ಚು ಕಲಿಸಿದಂತೆ ಕಾಣುತ್ತದೆ. ಚರ್ಮದಲ್ಲಿ ಇಂಟರ್‌ಲ್ಯೂಕಿನ್ 17 ಬಹುತೇಕ ಹಾನಿಯನ್ನೇ ಮಾಡುತ್ತಿರುತ್ತದೆ. ಕರುಳಿನಲ್ಲಿ ಅದಕ್ಕೆ ಇನ್ನೊಂದು ಕಸುಬಿದೆ: ಒಂದೇ ಸಾಲಿನ ಆ ಗೋಡೆಯ ಕೋಶಗಳ ನಡುವಿನ ಸಂದುಗಳನ್ನು ಬಿಗಿಯಾಗಿಡುವುದು, ಕ್ಯಾಂಡಿಡಾದಂಥ ಶಿಲೀಂಧ್ರ ಬೆಳೆಯದಂತೆ ತಡೆಯುವುದು. ಅದನ್ನು ಪೂರ್ತಿ ಬಂದ್ ಮಾಡಿದರೆ ಗೋಡೆ ಸೋರುತ್ತದೆ. ಹಾಗಿದ್ದರೆ 23ನ್ನು ತಡೆದಾಗ ಯಾಕೆ ಸೋರುವುದಿಲ್ಲ? 2015ರಲ್ಲಿ ಇಲಿಗಳ ಪ್ರಯೋಗದಿಂದ ಉತ್ತರ ಬಂತು. ಕರುಳಿನ ಕೆಲವು ಕಣಗಳು 23ರ ಹಂಗಿಲ್ಲದೆ ತಾವೇ ಸ್ವಲ್ಪ 17ನ್ನು ತಯಾರಿಸಿ ಗೋಡೆಯನ್ನು ಕಾಯುತ್ತವೆ. 23ನ್ನು ತಡೆದರೆ ದಾಳಿಕೋರ 17 ನಿಲ್ಲುತ್ತದೆ, ಕಾವಲಿನ 17 ಉಳಿಯುತ್ತದೆ. ಪಿ19 ತುಂಡನ್ನೇ ಹಿಡಿಯುವ ಹೊಸ ಔಷಧಗಳಾದ ಗುಸೆಲ್ಕುಮ್ಯಾಬ್, ರಿಸಾಂಕಿಜುಮ್ಯಾಬ್ ಚರ್ಮಕ್ಕೂ ಕರುಳಿಗೂ ಒಪ್ಪಿದ್ದು ಹೀಗೆ.

ಇದರಿಂದ ಒಬ್ಬ ರೋಗಿಗೆ ಆಗುವ ವ್ಯತ್ಯಾಸ ಸಣ್ಣದಲ್ಲ. ಸೋರಿಯಾಸಿಸ್‌ಗೆ 17ರ ತಡೆ ಔಷಧ ಬರೆಯುವ ಮುನ್ನ ಚರ್ಮದ ಡಾಕ್ಟರು ಹೊಟ್ಟೆಯ ಬಗ್ಗೆ ಎರಡು ಮಾತು ಕೇಳಲೇಬೇಕು. ಅವರು ಕೇಳದಿದ್ದರೆ ನಾವೇ ಹೇಳಬೇಕು: ತಿಂಗಳು ದಾಟಿದ ಭೇದಿ, ರಕ್ತ ಬೀಳುವುದು, ನಡುರಾತ್ರಿ ಎದ್ದು ಓಡಬೇಕಾಗುವುದು, ಕಾರಣವಿಲ್ಲದೆ ಇಳಿದ ತೂಕ, ಮನೆಯಲ್ಲಿ ಯಾರಿಗಾದರೂ ಕರುಳಿನ ಹುಣ್ಣು ಇದ್ದದ್ದು. ಬೆಳಗ್ಗೆ ಎದ್ದಾಗ ಅರ್ಧ ಗಂಟೆಗೂ ಮೀರಿ ಸೊಂಟ, ಬೆರಳು ಜಡಗಟ್ಟುವುದು, ಕಣ್ಣು ಕೆಂಪಾಗಿ ನೋಯುವುದು ಕೂಡ ಇದೇ ಬಳಗಕ್ಕೆ ಸೇರಿದ ಲಕ್ಷಣಗಳು.

ಟಿಎನ್‌ಎಫ್ ಕಡೆ ಬಂದರೆ, ಔಷಧದ ಮೂಲಕ ನೆಂಟಸ್ತಿಕೆ ಮೊದಲು ಬಯಲಾದದ್ದೇ ಅಲ್ಲಿ. ಇನ್‌ಫ್ಲಿಕ್ಸಿಮ್ಯಾಬ್ ಎಂಬ ಟಿಎನ್‌ಎಫ್ ತಡೆ ಔಷಧಕ್ಕೆ 1998ರಲ್ಲಿ ಕ್ರೋನ್ಸ್ ಕಾಯಿಲೆಗೆ ಅನುಮತಿ ಸಿಕ್ಕಿತು. ಅಮೆರಿಕದ ನ್ಯೂಜೆರ್ಸಿಯಲ್ಲಿ ಕರುಳಿನ ತೊಂದರೆಗೆಂದು ಅದನ್ನು ಪಡೆದ ಮಹಿಳೆಯೊಬ್ಬರ ಮೈಮೇಲಿದ್ದ ಸೋರಿಯಾಸಿಸ್ ಕೂಡ ಕರಗಿಹೋಯಿತು. ಕರುಳಿನ ತಜ್ಞ ಕಿರಣ್ ದಾಸ್, ಚರ್ಮದ ತಜ್ಞೆ ಆಲಿಸ್ ಗಾಟ್ಲೀಬ್ ಮತ್ತು ಸಂಗಡಿಗರು 2000ದಲ್ಲಿ ಇದನ್ನು ಬರೆದರು. ಇಬ್ಬರೂ ಒಂದೇ ರೋಗಿಯನ್ನು ಒಟ್ಟಿಗೆ ನೋಡಿದ್ದರಿಂದ ಹುಟ್ಟಿದ ಸಂಶೋಧನೆ ಅದು. 2006ರ ಹೊತ್ತಿಗೆ ಅದು ಸೋರಿಯಾಸಿಸ್‌ಗೂ ಅಧಿಕೃತ ಔಷಧವಾಯಿತು.

ಆಮೇಲೆ ಉಲ್ಟಾ ಕಥೆಗಳೂ ಬಂದವು. ಕರುಳಿಗೆಂದು ಇದೇ ಔಷಧ ಪಡೆದ ಕೆಲವರಲ್ಲಿ, ಎಂದೂ ಇಲ್ಲದ ಸೋರಿಯಾಸಿಸ್ ಅಂಗೈ ಅಂಗಾಲು ತಲೆಯಲ್ಲಿ ಹೊಸದಾಗಿ ಎದ್ದಿತು. ಟಿಎನ್‌ಎಫ್ ಎಂಬ ಸದ್ದು ಅಡಗಿದಾಗ, ಅದು ತಡೆಹಿಡಿದಿದ್ದ ಇಂಟರ್‌ಫೆರಾನ್ ಎಂಬ ಇನ್ನೊಂದು ಸಂಕೇತ ಏರುವುದು ಇದಕ್ಕೆ ಕಾರಣ. ಹಾಗೆಯೇ ಎಟನರ್ಸೆಪ್ಟ್ ಎಂಬ ಔಷಧವೂ ಟಿಎನ್‌ಎಫ್‌ಅನ್ನೇ ಹಿಡಿಯುತ್ತದೆ, ಸೋರಿಯಾಸಿಸ್‌ಗೆ ಒಪ್ಪುತ್ತದೆ. ಕ್ರೋನ್ಸ್‌ನಲ್ಲಿ ಪ್ರಯೋಜನಕ್ಕೆ ಬರಲಿಲ್ಲ. ಒಂದೇ ಗುರಿಯನ್ನು ಎಲ್ಲಿ ಹಿಡಿಯುತ್ತೀರಿ, ಎಷ್ಟು ಬಿಗಿಯಾಗಿ ಹಿಡಿಯುತ್ತೀರಿ ಎಂಬುದರ ಮೇಲೆ ಫಲ ಬದಲಾಗುತ್ತದೆ.

ಟಿ ಕಣಗಳಿಗೆ ತಮ್ಮ ಊರು ಯಾವುದೆಂದು ಹೇಗೆ ತಿಳಿಯುತ್ತದೆ ಎಂಬುದು ಇನ್ನೂ ಚೆಲುವಾದ ಸಂಗತಿ. ಕರುಳಿನ ಪಕ್ಕದ ಹಾಲ್ರಸ ಗಂಟುಗಳಲ್ಲಿ ತಯಾರಾಗುವ ಟಿ ಕಣಕ್ಕೆ ನಾವು ತಿಂದ ಸೊಪ್ಪು, ಕ್ಯಾರೆಟ್, ಮಾವಿನಹಣ್ಣಿನ ಎ ವಿಟಮಿನ್‌ನಿಂದ ಬರುವ ಆಮ್ಲ ಒಂದು ಗುರುತು ಅಂಟಿಸುತ್ತದೆ. ಆ ಗುರುತು ಇದ್ದ ಕಣ ರಕ್ತದಲ್ಲಿ ಎಲ್ಲೇ ಸುತ್ತಿದರೂ ಕರುಳಿನಲ್ಲೇ ಇಳಿಯುತ್ತದೆ. ಬಿಸಿಲು ಬಿದ್ದ ಚರ್ಮದಲ್ಲಿ ತಯಾರಾಗುವ ಡಿ ವಿಟಮಿನ್ ಬೇರೆ ಗುರುತು ಕೊಟ್ಟು ಚರ್ಮದ ಕಡೆಗೆ ಕಳಿಸುತ್ತದೆ. ವೆಡೊಲಿಜುಮ್ಯಾಬ್ ಎಂಬ ಔಷಧ ಕರುಳಿನ ಆ ಗುರುತನ್ನಷ್ಟೇ ಮುಚ್ಚುತ್ತದೆ. ಹಾಗಾಗಿ ಅದು ಕೊಲೈಟಿಸ್‌ಗೆ ನಡೆಯುತ್ತದೆ, ಸೋರಿಯಾಸಿಸ್‌ಗೆ ಕೆಲಸ ಮಾಡುವುದಿಲ್ಲ. ನೆಂಟರಾದರೂ ಮನೆ ಬೇರೆ ಬೇರೆ.

ಇಷ್ಟಕ್ಕೂ ಕೆಲವು ಚರ್ಮರೋಗಗಳು ಕರುಳಿನ ರೋಗದ ಸೂಚನೆಗಳೇ ಆಗಿರಬಹುದು. ಕಣಕಾಲಿನ ಮುಂಭಾಗದಲ್ಲಿ ನೋಯುವ ಕೆಂಪು ಗಂಟುಗಳು ಏಳುವುದು ಒಂದು. ಇನ್ನೊಂದಕ್ಕೆ ಪಯೋಡರ್ಮ ಗ್ಯಾಂಗ್ರಿನೋಸಂ ಎಂಬ ಉದ್ದ ಹೆಸರು. 1930ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು ಐವರು ರೋಗಿಗಳನ್ನು ಕಂಡು ಆ ಹೆಸರಿಟ್ಟರು; ಐವರಲ್ಲಿ ನಾಲ್ವರಿಗೆ ಅಲ್ಸರೇಟಿವ್ ಕೊಲೈಟಿಸ್ ಇತ್ತು. ಸಣ್ಣ ಗುಳ್ಳೆಯಂತೆ ಶುರುವಾಗಿ, ದಿನಗಳಲ್ಲಿ ಅಂಗೈಯಗಲದ ಆಳ ಹುಣ್ಣಾಗುತ್ತದೆ. ಅಂಚು ನೇರಳೆ ಬಣ್ಣ, ಒಳಗೊಳಗೇ ಕೊರೆದುಕೊಂಡು ಹೋಗಿರುತ್ತದೆ, ನೋವು ವಿಪರೀತ. ಹೆಸರು ಇಟ್ಟವರು ಅದನ್ನು ಸೋಂಕು ಎಂದೇ ಭಾವಿಸಿದ್ದರು. ಅದು ಸೋಂಕಲ್ಲ, ನ್ಯೂಟ್ರೊಫಿಲ್‌ಗಳ ದಾಂಧಲೆ.

ತೋಟದಲ್ಲಿ ಕೆಲಸ ಮಾಡುವವರಿಗೆ, ಗುಲಾಬಿ ಮುಳ್ಳು ತಾಗುವವರಿಗೆ ಕಾಲಿನ ಹುಣ್ಣು ಹೊಸದಲ್ಲ. ಕಾಲಿನ ಹುಣ್ಣು ಮಾಯದಿದ್ದರೆ ಸಕ್ಕರೆ ಕಾಯಿಲೆ ಎಂದೋ ಹುಳ ಕಚ್ಚಿದೆ ಎಂದೋ ತಿಳಿದು, ಸತ್ತ ಮಾಂಸ ಕೊರೆದು ತೆಗೆಯುವುದು ವಾಡಿಕೆ. ಬೇರೆ ಹುಣ್ಣಿಗೆ ಅದು ಸರಿ. ಪಯೋಡರ್ಮದಲ್ಲಿ ಕತ್ತರಿಸಿದ ಜಾಗವೆಲ್ಲ ಹೊಸ ಹುಣ್ಣಾಗುತ್ತದೆ, ಮತ್ತೆ ಕತ್ತರಿಸಿದರೆ ಮತ್ತಷ್ಟು ಹರಡುತ್ತದೆ. ಅದಕ್ಕೆ ಬೇಕಾದದ್ದು ಸ್ಟೀರಾಯ್ಡ್, ಸೈಕ್ಲೋಸ್ಪೊರಿನ್, ಟಿಎನ್‌ಎಫ್ ತಡೆಯಂಥ ಔಷಧ. ಕೊರೆದಷ್ಟೂ ಬೆಳೆಯುವ ಹುಣ್ಣು ಕಂಡಾಗ ಕೊರೆಯುವುದನ್ನು ನಿಲ್ಲಿಸಿ, ಅಂಚಿನಿಂದ ಒಂದು ಚೂರು ಪರೀಕ್ಷೆಗೆ ಕಳಿಸಿ, ಹೊಟ್ಟೆ ಹೇಗಿದೆ ಎಂದು ಕೇಳಬೇಕು. ಕಂಕುಳು, ತೊಡೆಸಂದಿಯಲ್ಲಿ ಮತ್ತೆ ಮತ್ತೆ ಕುರುವೆದ್ದು, ಸೋರಿ, ಕಲೆಗಟ್ಟುವ ಹೈಡ್ರಡಿನೈಟಿಸ್ ಕೂಡ ಕ್ರೋನ್ಸ್‌ನ ಹತ್ತಿರದ ನೆಂಟ. ಅದನ್ನು ಕೊಳಕಿನಿಂದ ಬಂದದ್ದೆಂದು ಹೀಯಾಳಿಸುವುದು ಬರೀ ಅನ್ಯಾಯ.

ಈ ಔಷಧಗಳೆಲ್ಲ ನಮ್ಮ ನೆಲಕ್ಕೆ ಬಂದಾಗ ಎದುರಾಗುವ ದೊಡ್ಡ ತೊಡಕು ಕ್ಷಯ. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದವರು. ರೋಗವಿಲ್ಲದೆ ಬರೀ ರೋಗಾಣುವನ್ನು ಒಳಗೆ ಮಲಗಿಸಿಕೊಂಡಿರುವವರು ಇನ್ನೂ ಹೆಚ್ಚು. ಮಲಗಿರುವ ರೋಗಾಣುವಿನ ಸುತ್ತ ಬಿಳಿಕಣಗಳ ಗಂಟು ಕಟ್ಟಿ ಹಿಡಿದಿಡುವುದು ಟಿಎನ್‌ಎಫ್‌ನ ಕೆಲಸಗಳಲ್ಲಿ ಒಂದು. ಅದನ್ನು ತಡೆದರೆ ಗಂಟು ಸಡಿಲವಾಗುತ್ತದೆ. ಇನ್‌ಫ್ಲಿಕ್ಸಿಮ್ಯಾಬ್ ಪಡೆದವರಲ್ಲಿ ಕ್ಷಯ ಎದ್ದ 70 ಪ್ರಕರಣಗಳ ವರದಿ 2001ರಲ್ಲೇ ಬಂತು. ಆದ್ದರಿಂದ ಎದೆಯ ಎಕ್ಸ್‌ರೇ, ಮಾಂಟೂ ಎಂಬ ಚರ್ಮದ ಪರೀಕ್ಷೆ ಅಥವಾ ರಕ್ತದ ಪರೀಕ್ಷೆ ಮಾಡಿಸದೆ ಇವನ್ನು ಶುರು ಮಾಡುವಂತಿಲ್ಲ.

ಕರುಳಿನಲ್ಲಂತೂ ಪೀಕಲಾಟ ಇನ್ನೂ ಹೆಚ್ಚು. ಸಣ್ಣಕರುಳು ದೊಡ್ಡಕರುಳಿಗೆ ಸೇರುವ ಜಾಗದಲ್ಲಿ ಕ್ಷಯವೂ ಕೂರುತ್ತದೆ, ಕ್ರೋನ್ಸ್ ಕೂಡ ಕೂರುತ್ತದೆ. ಎರಡರಲ್ಲೂ ಹೊಟ್ಟೆನೋವು, ಜ್ವರ, ತೂಕ ಇಳಿಯುವುದು. ಎರಡರಲ್ಲೂ ಸೂಕ್ಷ್ಮದರ್ಶಕದಲ್ಲಿ ಬಿಳಿಕಣಗಳ ಗಂಟು. ಕ್ಷಯಕ್ಕೆ ಕ್ರೋನ್ಸ್ ಔಷಧ ಕೊಟ್ಟರೆ ಜೀವಕ್ಕೇ ಅಪಾಯ; ಕ್ರೋನ್ಸ್‌ಗೆ ಕ್ಷಯದ ಮಾತ್ರೆ ಕೊಟ್ಟರೆ ತಿಂಗಳುಗಟ್ಟಲೆ ಕಾಲಹರಣ. ಅನುಮಾನ ತೀರದಿದ್ದಾಗ ನಮ್ಮ ವೈದ್ಯರು ಮೊದಲು ಕ್ಷಯದ ಚಿಕಿತ್ಸೆ ಕೊಟ್ಟು, ಎರಡು ಮೂರು ತಿಂಗಳ ನಂತರ ಮತ್ತೆ ಕೊಲೊನೋಸ್ಕೋಪಿ ಮಾಡಿ ಹುಣ್ಣು ಮಾದಿದೆಯೇ ಎಂದು ನೋಡುತ್ತಾರೆ. ಡಾಕ್ಟರಿಗೆ ಗೊತ್ತಾಗಲಿಲ್ಲ ಎಂದು ಮನೆಯವರು ಬೈಯುವುದುಂಟು. ನಮ್ಮ ದೇಶದಲ್ಲಿ ಅದು ಗೊತ್ತುಮಾಡಿಕೊಳ್ಳುವ ದಾರಿಯೇ.

ಇನ್ನು ಬೊಮ್ಮಸಂದ್ರದ ಔಷಧ. ಇಟೊಲಿಜುಮ್ಯಾಬ್ ಟಿ ಕಣಗಳ ಮೇಲಿರುವ ಸಿಡಿ6 ಎಂಬ ಗುಂಡಿಯನ್ನು ಮುಚ್ಚುತ್ತದೆ. ಅದಕ್ಕೆ ಜೋಡಿಯಾಗಿ ಕೂರುವ ಪ್ರೋಟೀನು ಚರ್ಮದಲ್ಲೂ ಇದೆ, ಕರುಳಿನ ಒಳಪದರದಲ್ಲೂ ಇದೆ. ಎರಡು ಕಾಯಿಲೆಗಳಲ್ಲೂ ಅದನ್ನು ಕೊಟ್ಟು ನೋಡಲು ಅದೇ ಕಾರಣ. ಸೋರಿಯಾಸಿಸ್‌ನಲ್ಲಿ ಅದರ ಫಲ ಸಾಧಾರಣ. 12 ವಾರಕ್ಕೆ ಚೆನ್ನಾಗಿ ಗುಣ ಕಂಡವರು ಕಾಲು ಭಾಗಕ್ಕಿಂತ ಹೆಚ್ಚು ಮಂದಿ, ಸೆಕುಕಿನುಮ್ಯಾಬ್ ಮುಂದೆ ಅದು ನಿಲ್ಲುವುದಿಲ್ಲ. ಕೊಲೈಟಿಸ್ ಪ್ರಯೋಗದಲ್ಲಿ ಇದ್ದದ್ದು 90 ರೋಗಿಗಳು. 2025ರಲ್ಲಿ ಹೊರಬಂದ ಮೊದಲ ಫಲಿತಾಂಶದಲ್ಲಿ ಹುಸಿ ಔಷಧಕ್ಕಿಂತ ಮೇಲು, ಹಳೆಯ ಟಿಎನ್‌ಎಫ್ ತಡೆ ಔಷಧವಾದ ಅಡಾಲಿಮುಮ್ಯಾಬ್‌ಗೆ ಸರಿಸಮ ಎಂದು ಕಂಡಿತು. ಅಷ್ಟು ಸಣ್ಣ ಪ್ರಯೋಗದ ಮೇಲೆ ದೊಡ್ಡ ಮಾತು ಆಡುವಂತಿಲ್ಲ. ಅದಕ್ಕಿಂತ ನನಗೆ ಹೆಚ್ಚು ಆಸೆ ಹುಟ್ಟಿಸುವುದು ಪೇಟೆಂಟ್ ಮುಗಿದ ಔಷಧಗಳ ನಕಲು. ಅಡಾಲಿಮುಮ್ಯಾಬ್‌ನ ಜಗತ್ತಿನ ಮೊದಲ ನಕಲು 2014ರಲ್ಲಿ ಭಾರತದಲ್ಲೇ ಮಾರಾಟಕ್ಕೆ ಬಂತು. ಉಸ್ಟೆಕಿನುಮ್ಯಾಬ್‌ನ ನಕಲಿಗೆ ಬೆಂಗಳೂರಿನ ಬಯೋಕಾನ್ ಬಯಾಲಜಿಕ್ಸ್ 2024ರ ಕೊನೆಯಲ್ಲಿ ಅಮೆರಿಕದ ಅನುಮತಿ ಪಡೆಯಿತು. ಹೊಸೂರು ರಸ್ತೆಯವರಿಗೆ ಅದು ಕೈಗೆಟುಕುವ ಬೆಲೆಗೆ ಸಿಗುವುದು ಬೇರೆಯೇ ಹೋರಾಟ.

ಸದ್ಯ ಬಡವರ ಕೈಗೆಟುಕುವ, ಚರ್ಮಕ್ಕೂ ಕರುಳಿಗೂ ಸಲ್ಲುವ ಔಷಧವೆಂದರೆ ಮೆಥೊಟ್ರೆಕ್ಸೇಟ್. ಇದರ ಹುಟ್ಟಿನ ಹಿಂದೆ ನಮ್ಮ ನೆರೆಯವರೊಬ್ಬರಿದ್ದಾರೆ: ಆಂಧ್ರದ ಭೀಮಾವರಂನಲ್ಲಿ ಹುಟ್ಟಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ದುಡಿದ ಯೆಲ್ಲಾಪ್ರಗಡ ಸುಬ್ಬರಾವ್. ಅವರ ತಂಡ 1940ರ ದಶಕದಲ್ಲಿ ಕ್ಯಾನ್ಸರಿಗೆಂದು ಇದನ್ನು ತಯಾರಿಸಿತು. ಸೋರಿಯಾಸಿಸ್‌ಗೆ ಅದು ದಶಕಗಳಿಂದ ಬಳಕೆಯಲ್ಲಿದೆ. ಕ್ರೋನ್ಸ್‌ಗೂ ಒಪ್ಪುತ್ತದೆ ಎಂದು 1995ರಲ್ಲಿ ಕೆನಡಾದ ವೈದ್ಯರು ತೋರಿಸಿದರು. ಅಲ್ಸರೇಟಿವ್ ಕೊಲೈಟಿಸ್‌ಗೆ ಅಷ್ಟಾಗಿ ಒಗ್ಗದು. ಬಸುರಿಯರು, ಮಗು ಬೇಕೆನ್ನುವವರು ತೆಗೆದುಕೊಳ್ಳಬಾರದು, ಕುಡಿತ ಇರಬಾರದು, ಲಿವರ್ ಮತ್ತು ರಕ್ತದ ಪರೀಕ್ಷೆ ಆಗಾಗ ಆಗಬೇಕು. ಎಲ್ಲಕ್ಕಿಂತ ಮುಖ್ಯ, ಈ ಮಾತ್ರೆ ವಾರಕ್ಕೆ ಒಂದೇ ದಿನ. ದಿನಕ್ಕೊಂದು ಎಂದು ತಪ್ಪಾಗಿ ತಿಳಿದು ನುಂಗಿ, ಬಾಯಿತುಂಬ ಹುಣ್ಣಾಗಿ, ರಕ್ತಕಣ ಕುಸಿದು ಪ್ರಾಣ ಕಳೆದುಕೊಂಡವರಿದ್ದಾರೆ. ಬೆಂಗಳೂರಿನಲ್ಲಿ ಬರೆದ ಚೀಟಿಯನ್ನು ಹೊಸೂರಿನ ಅಂಗಡಿಯಲ್ಲಿ ಕೊಟ್ಟು ಬೇರಿಕೆಯ ಮನೆಯಲ್ಲಿ ಮಾತ್ರೆ ಎಣಿಸುವವರು, ಅದು ಭಾನುವಾರವೋ ಬುಧವಾರವೋ ಎಂದು ವಾರದ ಹೆಸರನ್ನು ಡಾಕ್ಟರಿಂದಲೇ ಚೀಟಿಯ ಮೇಲೆ, ತಮಗೆ ಓದಲು ಬರುವ ಭಾಷೆಯಲ್ಲಿ ಬರೆಸಿಕೊಂಡು ಬರಬೇಕು.